ಸಿಗರೇಟಿಗೆ ಏರಿಕೆ, ಸಾಬೂನಿಗೆ ಇಳಿಕೆ, ಬೀಡಿಗೂ ಇಳಿಕೆ: ಈ ಲೆಕ್ಕ ಕೂಡುತ್ತದೆಯೇ?

2025ರ ಸೆಪ್ಟೆಂಬರ್ 22ರಂದು ನವರಾತ್ರಿ ಆರಂಭವಾಯಿತು. ಮಂಗಳೂರಿನ ಕುದ್ರೋಳಿಯಲ್ಲಿ ದಸರೆಯ ಸಂಭ್ರಮ ಶುರುವಾದ ಆ ದಿನವೇ ದೇಶದಾದ್ಯಂತ ಹೊಸ ಜಿಎಸ್‌ಟಿ ದರಗಳೂ ಜಾರಿಗೆ ಬಂದವು. ಸಾಬೂನು, ಶಾಂಪೂ, ಟೂತ್‌ಪೇಸ್ಟ್, ಐಸ್‌ಕ್ರೀಮ್ ಶೇ 18ರಿಂದ ಶೇ 5ಕ್ಕೆ ಇಳಿದವು. ತುಪ್ಪ, ಬೆಣ್ಣೆ ಶೇ 12ರಿಂದ ಶೇ 5ಕ್ಕೆ ಬಂದವು. ಸಿಮೆಂಟ್ ಮತ್ತು ಸಣ್ಣ ಕಾರುಗಳು ಶೇ 28ರಿಂದ ಶೇ 18ಕ್ಕೆ ಇಳಿದವು. ಸಿಗರೇಟಿನ ಸರದಿ ಬಂದದ್ದು ನಾಲ್ಕು ತಿಂಗಳ ನಂತರ, 2026ರ ಫೆಬ್ರವರಿ 1ರಂದು. ಅದು ಮಾತ್ರ ಮೇಲಕ್ಕೆ ಹೋಯಿತು.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಸುತ್ತಮುತ್ತಲಿನ ಗೂಡಂಗಡಿಗಳಲ್ಲಿ ಇದಕ್ಕೆ ಬಂದ ವ್ಯಾಖ್ಯಾನ ಸರಳವಾಗಿತ್ತು: ‘ನಮ್ಮ ಹೊಗೆಯ ದುಡ್ಡಿನಲ್ಲಿ ಉಳಿದವರಿಗೆ ರಿಯಾಯಿತಿ.’ ಕೇಳಲು ಚೆನ್ನಾಗಿದೆ. ಒಂದು ಮಟ್ಟಿಗೆ ಅರ್ಥಶಾಸ್ತ್ರದ ಪಾಠವೂ ಅದನ್ನೇ ಹೇಳುತ್ತದೆ. ಆದರೆ ಕಾಗದದ ಮೇಲೆ ಅಂಕಿ ಬರೆದು ಕೂಡಿಸಿದರೆ ಬೇರೆ ಚಿತ್ರ ಬರುತ್ತದೆ. ಅದರಲ್ಲೂ ದಕ್ಷಿಣ ಕನ್ನಡ ಮತ್ತು ಉಡುಪಿಯವರು ಕೂಡಿಸಿದರೆ ಇನ್ನೂ ಬೇರೆ, ಏಕೆಂದರೆ ನಮ್ಮಲ್ಲಿ ಬೀಡಿ ಇದೆ. ನಾನು ಸೇದುವುದಿಲ್ಲ; ಸಾಬೂನು ಕೊಳ್ಳುತ್ತೇನೆ. ಹಾಗಾಗಿ ಈ ಬದಲಾವಣೆಯಿಂದ ನನಗೆ ಲಾಭವೇ ಆಗಿದೆ ಎಂಬುದನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಬಹುದು.

ಏರಿದ್ದು ನಿಜವಾಗಿ ಎಷ್ಟು?

ತಲೆಬರಹಗಳಲ್ಲಿ ಬಂದ ಅಂಕಿ: ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ ಕೇಂದ್ರ ಅಬಕಾರಿ ಸುಂಕ. ಸಿಗರೇಟು ಉದ್ದವಾದಷ್ಟೂ ಸುಂಕ ಹೆಚ್ಚು. 65 ಮಿಲಿಮೀಟರ್ ಒಳಗಿನ ಗಿಡ್ಡ ಫಿಲ್ಟರ್ ಸಿಗರೇಟು ಒಂದಕ್ಕೆ 2 ರೂಪಾಯಿ 10 ಪೈಸೆ. 70ರಿಂದ 75 ಮಿಲಿಮೀಟರ್‌ನ ಉದ್ದ ಸಿಗರೇಟು ಒಂದಕ್ಕೆ ಸುಮಾರು 5 ರೂಪಾಯಿ 40 ಪೈಸೆ. ಇದರ ಜೊತೆಗೆ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿತು. ಇಷ್ಟನ್ನೇ ಓದಿದವರು ಹಳೆಯ ಬೆಲೆಯ ಮೇಲೆ ಇದೆಲ್ಲವೂ ಹೊಸದಾಗಿ ಹೇರಿದ ಭಾರ ಎಂದುಕೊಂಡರು. ಹಾಗಲ್ಲ.

ಜಿಎಸ್‌ಟಿ ಬಂದ 2017ರಿಂದ ಸಿಗರೇಟಿನ ಮೇಲೆ ‘ಪರಿಹಾರ ಸೆಸ್’ ಇತ್ತು. ಜಿಎಸ್‌ಟಿಯಿಂದ ರಾಜ್ಯಗಳಿಗೆ ಆಗುವ ನಷ್ಟವನ್ನು ಐದು ವರ್ಷ ತುಂಬಿಕೊಡುವುದಕ್ಕೆ ಅದನ್ನು ತಂದಿದ್ದರು. ಕೋವಿಡ್ ಕಾಲದಲ್ಲಿ ಸೆಸ್ ಸಂಗ್ರಹ ಕುಸಿದಾಗ ಕೇಂದ್ರವು ರಾಜ್ಯಗಳ ಪರವಾಗಿ ಎರಡು ವರ್ಷಗಳಲ್ಲಿ 2.69 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿತು. ಆ ಸಾಲ ತೀರುವವರೆಗೆ ಸೆಸ್ ಮುಂದುವರಿಯಿತು. ಸೆಪ್ಟೆಂಬರ್‌ನಲ್ಲಿ ಕಾರುಗಳಿಂದ, ತಂಪು ಪಾನೀಯಗಳಿಂದ ಸೆಸ್ ತೆಗೆದರೂ ತಂಬಾಕಿನ ಮೇಲೆ ಉಳಿಸಿಕೊಂಡದ್ದು ಇದೇ ಕಾರಣಕ್ಕೆ. ಸಾಲ ತೀರಿದ ಮೇಲೆ ಸೆಸ್ಸನ್ನು ಕಾನೂನಿನ ಪ್ರಕಾರ ಕೈಬಿಡಲೇಬೇಕು. ಬಿಟ್ಟು ಸುಮ್ಮನಿದ್ದರೆ ಸಿಗರೇಟು ರಾತ್ರೋರಾತ್ರಿ ಅಗ್ಗವಾಗುತ್ತಿತ್ತು. ಆರೋಗ್ಯ ಸಚಿವಾಲಯವಿರುವ ದೇಶದಲ್ಲಿ ಅದು ಮುಜುಗರದ ಸಂಗತಿ. ಹಾಗಾಗಿ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಕೇಂದ್ರ ಅಬಕಾರಿ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಸೆಸ್ ಬಿಟ್ಟುಹೋದ ಜಾಗದಲ್ಲಿ ಅಬಕಾರಿ ಸುಂಕ ಬಂದು ಕುಳಿತಿತು.

ಈಗ ನಿಜವಾದ ಏರಿಕೆಯನ್ನು ನೋಡೋಣ. ಹಳೆಯ ಸೆಸ್ ಗಿಡ್ಡ ಸಿಗರೇಟಿಗೆ ಸಾವಿರಕ್ಕೆ 2,076 ರೂಪಾಯಿ, ಉದ್ದದ್ದಕ್ಕೆ 3,668 ರೂಪಾಯಿ. ಎರಡಕ್ಕೂ ಮೇಲೆ ಬೆಲೆಯ ಶೇ 5. ಹೊಸ ಸುಂಕ ಗಿಡ್ಡಕ್ಕೆ 2,100, ಉದ್ದಕ್ಕೆ 5,400. ಗಿಡ್ಡ ಸಿಗರೇಟಿಗೆ ಹೆಚ್ಚಾದದ್ದು ಒಂದಕ್ಕೆ ಎರಡೂವರೆ ಪೈಸೆಯೂ ಅಲ್ಲ ಎಂದು ಅನಿಸಬಹುದು. ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಸೆಸ್ ಜಿಎಸ್‌ಟಿಯ ಪಕ್ಕದಲ್ಲಿ ಇರುತ್ತಿತ್ತು; ಸೆಸ್ಸಿನ ಮೇಲೆ ಜಿಎಸ್‌ಟಿ ಬೀಳುತ್ತಿರಲಿಲ್ಲ. ಅಬಕಾರಿ ಸುಂಕ ಮೊದಲು ಸರಕಿನ ಬೆಲೆಯೊಳಗೆ ಸೇರುತ್ತದೆ, ಆಮೇಲೆ ಆ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. ತೆರಿಗೆಗೂ ತೆರಿಗೆ. ಹಾಗಾಗಿ 2 ರೂಪಾಯಿ 10 ಪೈಸೆ ಗ್ರಾಹಕನ ಕೈಗೆ ಬರುವಾಗ 2 ರೂಪಾಯಿ 94 ಪೈಸೆ ಆಗಿರುತ್ತದೆ. 5 ರೂಪಾಯಿ 40 ಪೈಸೆ 7 ರೂಪಾಯಿ 56 ಪೈಸೆ ಆಗಿರುತ್ತದೆ. ಹಳೆಯ ಸೆಸ್ ಕಳೆದರೆ ಈ ಒಂದು ಬಾಬಿನಲ್ಲಿ ಗಿಡ್ಡ ಸಿಗರೇಟಿಗೆ ಬಿದ್ದ ಹೊಸ ಹೊರೆ ಸುಮಾರು 86 ಪೈಸೆ, ಉದ್ದದ್ದಕ್ಕೆ ಸುಮಾರು 3 ರೂಪಾಯಿ 90 ಪೈಸೆ. ಬೆಲೆಯ ಮೇಲಿನ ಶೇಕಡಾವಾರು ತೆರಿಗೆ ಒಟ್ಟು ಶೇ 33ರಿಂದ ಶೇ 40ಕ್ಕೆ ಹೋದದ್ದು ಬೇರೆ.

86 ಪೈಸೆ ಮತ್ತು 3 ರೂಪಾಯಿ 90 ಪೈಸೆಯ ನಡುವಿನ ಈ ಅಂತರದಲ್ಲೇ ನನಗೆ ಈ ಸುಧಾರಣೆಯ ದೌರ್ಬಲ್ಯ ಕಾಣುತ್ತದೆ. ಉದ್ದ ಸಿಗರೇಟು ಸೇದುವವನಿಗೆ ಸರ್ಕಾರ ಎರಡು ದಾರಿ ತೋರಿಸಿದೆ. ಬಿಡು, ಬಿಡಲಾಗದಿದ್ದರೆ ಗಿಡ್ಡಕ್ಕೆ ಇಳಿ. ಎರಡನೆಯದು ಎಷ್ಟೋ ಸುಲಭ. ಕಂಪನಿಗಳಿಗೂ ಗೊತ್ತು, ಮಿಲಿಮೀಟರ್ ಲೆಕ್ಕದಲ್ಲಿ ಹೊಸ ಗಾತ್ರಗಳನ್ನು ಮಾರುಕಟ್ಟೆಗೆ ಬಿಡುವುದು ಅವರ ಹಳೆಯ ವಿದ್ಯೆ. ತಂಬಾಕು ತೆರಿಗೆ ಬಲ್ಲವರು ‘ಎಲ್ಲ ಉದ್ದಕ್ಕೂ ಒಂದೇ ಸುಂಕ ಹಾಕಿ’ ಎಂದು ಹೇಳುತ್ತಲೇ ಬಂದಿರುವುದು ಇದಕ್ಕೇ. ಶ್ವಾಸಕೋಶಕ್ಕೆ ಹತ್ತು ಮಿಲಿಮೀಟರ್‌ನ ವ್ಯತ್ಯಾಸ ಅಷ್ಟು ದೊಡ್ಡದಲ್ಲ.

ಗೂಡಂಗಡಿಯ ಗಣಿತವೂ ಇದೆ. 86 ಪೈಸೆಗೆ ನಾಣ್ಯವಿಲ್ಲ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದಕ್ಕೆ ನಿಷೇಧವಿದೆ, 21 ವರ್ಷ ತುಂಬದವರಿಗೆ ಮಾರುವಂತೆಯೂ ಇಲ್ಲ. ಆದರೂ ಹಂಪನಕಟ್ಟೆಯಿಂದ ಮಣಿಪಾಲದವರೆಗೆ ಸಿಗರೇಟು ಕೈ ಬದಲಾಯಿಸುವುದು ಹೆಚ್ಚಾಗಿ ಒಂದೊಂದಾಗಿಯೇ. ಪೈಸೆ ಲೆಕ್ಕದ ತೆರಿಗೆ ಅಲ್ಲಿ ಇಡೀ ರೂಪಾಯಿಗೆ ದುಂಡಗಾಗುತ್ತದೆ. ದುಂಡಗಾದ ಚೂರು ಸರ್ಕಾರಕ್ಕೆ ಹೋಗುವುದಿಲ್ಲ, ಅಂಗಡಿಯ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಸೇದುವವನಿಗಾದರೋ ಬೆಲೆ ಬೆಲೆಯೇ, ಅದು ಯಾರ ಪಾಲಾದರೇನು?

ಇಳಿದದ್ದು ಎಷ್ಟು?

ಇನ್ನೊಂದು ಬದಿಯ ಲೆಕ್ಕ ಸರಳ. 2025ರ ಬಜೆಟ್‌ನಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದರು. ಸಂಬಳದಾರರಿಗೆ ಪ್ರಮಾಣಿತ ಕಡಿತ ಸೇರಿ ಅದು 12.75 ಲಕ್ಷ. ಇದರಿಂದ ಖಜಾನೆ ಬಿಟ್ಟುಕೊಡುವ ಮೊತ್ತ ಸುಮಾರು 1 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರವೇ ಹೇಳಿತು. ಸೆಪ್ಟೆಂಬರ್‌ನ ಜಿಎಸ್‌ಟಿ ಇಳಿಕೆಯ ಪರಿಣಾಮವನ್ನು ಸುಮಾರು 48 ಸಾವಿರ ಕೋಟಿ ಎಂದು ಅಂದಾಜಿಸಿತು. ಎರಡೂ ಸೇರಿ ಒಂದೂವರೆ ಲಕ್ಷ ಕೋಟಿಯ ಹತ್ತಿರ.

ತಂಬಾಕಿನಿಂದ ಬರುವುದು ಎಷ್ಟು? ಸಿಗರೇಟು, ಬೀಡಿ, ಜಗಿಯುವ ತಂಬಾಕು ಎಲ್ಲ ಸೇರಿ, ಹೊಸ ದರ ಬರುವ ಮೊದಲು, ವರ್ಷಕ್ಕೆ ಸುಮಾರು 70 ಸಾವಿರ ಕೋಟಿ. ಏರಿಕೆಯಲ್ಲ, ಇಡೀ ಮೊತ್ತವೇ ಇಷ್ಟು. ಅಂದರೆ ತಂಬಾಕು ತೆರಿಗೆಯನ್ನು ಎರಡರಷ್ಟು ಮಾಡಿ, ಒಬ್ಬರೂ ಚಟ ಬಿಡದೆ ಅಷ್ಟನ್ನೂ ಕಟ್ಟಿದರೂ, ಬಿಟ್ಟುಕೊಟ್ಟ ಮೊತ್ತದ ಅರ್ಧದಷ್ಟು ಮಾತ್ರ ವಾಪಸ್ ಬರುತ್ತದೆ. ‘ನಮ್ಮ ಹೊಗೆಯ ದುಡ್ಡಿನಲ್ಲಿ ಉಳಿದವರಿಗೆ ರಿಯಾಯಿತಿ’ ಎಂಬ ಮಾತು ಇಲ್ಲಿಗೆ ನಿಂತುಹೋಗುತ್ತದೆ. ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕೇವಲ ಶೇ 4. ಇಷ್ಟು ಸಣ್ಣ ಗುಂಪಿನ ಹೆಗಲ ಮೇಲೆ ಮಧ್ಯಮವರ್ಗದ ಆದಾಯ ತೆರಿಗೆ ವಿನಾಯಿತಿಯನ್ನು ಹೊರಿಸಲು ಬರುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಒಂದಕ್ಕೊಂದು ಗಂಟು ಹಾಕಿಲ್ಲ. ಅಬಕಾರಿ ಸುಂಕವೂ ಆದಾಯ ತೆರಿಗೆಯೂ ಹೋಗುವುದು ಭಾರತದ ಸಂಚಿತ ನಿಧಿಗೆ. ಅಲ್ಲಿ ಯಾವ ರೂಪಾಯಿಯ ಮೇಲೂ ‘ಇದು ಸಿಗರೇಟಿನಿಂದ ಬಂದದ್ದು’ ಎಂಬ ಚೀಟಿ ಇರುವುದಿಲ್ಲ. ಕರ್ನಾಟಕದವರಿಗೆ ಇದರಲ್ಲಿ ಒಂದು ಸಮಾಧಾನವಿದೆ: ಅಬಕಾರಿ ಸುಂಕ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆ, ಶೇ 41ರಷ್ಟು ರಾಜ್ಯಗಳಿಗೆ. ಸಾಮಾನ್ಯವಾಗಿ ಕೇಂದ್ರಕ್ಕೆ ಹೆಚ್ಚು ಇಷ್ಟವಾಗುವುದು ಸೆಸ್, ಏಕೆಂದರೆ ಅದನ್ನು ಹಂಚಬೇಕಾಗಿಲ್ಲ. ಈ ಬಾರಿ ಸಿಗರೇಟಿನ ಮಟ್ಟಿಗೆ ಸೆಸ್ ಬಿಟ್ಟು ಸುಂಕ ಹಾಕಿದ್ದು ಒಳ್ಳೆಯ ಕೆಲಸ, ಹೇಳಲೇಬೇಕು.

ಹಾಗಾದರೆ ಅರ್ಥಶಾಸ್ತ್ರದ ಪಾಠ ಸುಳ್ಳೇ?

ಸುಳ್ಳಲ್ಲ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ ನೂರು ವರ್ಷದ ಹಿಂದೆ ಹೇಳಿದ ವಿಚಾರ ಇದರ ಹಿಂದಿದೆ: ಒಬ್ಬ ಮಾಡುವ ಕೆಲಸದಿಂದ ಸುತ್ತಲಿನವರಿಗೆ ಆಗುವ ಹಾನಿ ಬೆಲೆಯಲ್ಲಿ ಕಾಣದಿದ್ದರೆ, ತೆರಿಗೆಯ ಮೂಲಕ ಅದನ್ನು ಬೆಲೆಯೊಳಗೆ ತರಬೇಕು. ಮುಂದೆ ಬಂದವರು ಇದಕ್ಕೆ ಎರಡನೇ ಭಾಗ ಸೇರಿಸಿದರು. ಆದಾಯ ತೆರಿಗೆ ದುಡಿಮೆಯ ಮೇಲೆ ಬೀಳುತ್ತದೆ, ಜಿಎಸ್‌ಟಿ ಮನೆಗೆ ಬೇಕಾದ ಸಾಮಾನಿನ ಮೇಲೆ ಬೀಳುತ್ತದೆ. ಎರಡೂ ನಮಗೆ ಬೇಕಾದ ಸಂಗತಿಗಳಿಗೆ ಹಾಕಿದ ದಂಡ. ಬೇಡದ್ದರ ಮೇಲೆ ತೆರಿಗೆ ಏರಿಸಿ, ಬೇಕಾದದ್ದರ ಮೇಲೆ ಇಳಿಸಿದರೆ ಎರಡು ಕಡೆಯಿಂದಲೂ ಲಾಭ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2008ರಲ್ಲಿ ಇಂಗಾಲದ ಮೇಲೆ ತೆರಿಗೆ ಹಾಕಿ, ಬಂದ ಮೊತ್ತಕ್ಕೆ ಸರಿಸಮನಾಗಿ ಆದಾಯ ತೆರಿಗೆ ಇಳಿಸಿತ್ತು. ಅಲ್ಲಿ ಅದು ಸಾಧ್ಯವಾದದ್ದು ಇಂಧನವನ್ನು ಎಲ್ಲರೂ ಬಳಸುವುದರಿಂದ. ಸಿಗರೇಟಿನ ಪಾಯ ಅಷ್ಟು ಅಗಲವಿಲ್ಲ.

ಪಾಯ ಕಿರಿದಾದರೂ ಅದಕ್ಕೊಂದು ವಿಚಿತ್ರ ಗುಣವಿದೆ. ಚಟ ಬೆಲೆಗೆ ಬೇಗ ಬಗ್ಗುವುದಿಲ್ಲ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಬಳಕೆ ಸುಮಾರು ಶೇ 5 ಇಳಿಯುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿರುವ ಅಂದಾಜು. ನಮ್ಮಲ್ಲಿ ಸಿಗರೇಟಿನ ಬೆಲೆಯಲ್ಲಿ ತೆರಿಗೆಯ ಪಾಲು ಈ ಏರಿಕೆಗೆ ಮೊದಲು ಸುಮಾರು ಶೇ 53 ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಶೇ 75. ಒಂದು ಪ್ಯಾಕೆಟ್ಟಿಗೆ 100 ರೂಪಾಯಿ, ಅದರಲ್ಲಿ ತೆರಿಗೆ 53 ಎಂದಿಟ್ಟುಕೊಳ್ಳಿ. ತೆರಿಗೆಯನ್ನು 10 ರೂಪಾಯಿ ಏರಿಸಿದರೆ ಬೆಲೆ 110, ತೆರಿಗೆ 63. ಹಿಂದೆ 100 ಪ್ಯಾಕೆಟ್ ಹೋಗುತ್ತಿದ್ದ ಕಡೆ ಈಗ 95 ಹೋಗುತ್ತವೆ. ಸರ್ಕಾರಕ್ಕೆ ಹಿಂದೆ 5,300 ರೂಪಾಯಿ ಬರುತ್ತಿತ್ತು, ಈಗ 5,985 ಬರುತ್ತದೆ. ಸೇದುವುದೂ ಕಡಿಮೆಯಾಯಿತು, ವರಮಾನವೂ ಏರಿತು. ‘ತೆರಿಗೆ ಏರಿಸಿದರೆ ಆದಾಯ ಬೀಳುತ್ತದೆ’ ಎಂದು ಸಿಗರೇಟು ಕಂಪನಿಗಳು ಪ್ರತಿ ಬಜೆಟ್‌ಗೆ ಮುಂಚೆ ಹಾಡುವ ಹಾಡು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನವೂ ಮನೆ ಬಾಗಿಲಿಗೆ ಹೋಗಿ ಎರಡಾಣೆ ಸಂಗ್ರಹಿಸಿತು. ಸಿಗರೇಟಿನ ಸುಂಕ ಸರ್ಕಾರದ ಪಿಗ್ಮಿ: ದಿನವೂ, ತಪ್ಪದೆ, ಚಿಲ್ಲರೆಯಾಗಿ ಬರುತ್ತದೆ. ಕಟ್ಟಿದವನಿಗೆ ಪಾಸ್‌ಬುಕ್ ಮಾತ್ರ ಸಿಗುವುದಿಲ್ಲ.

ತೊಂದರೆ ಇರುವುದು ಕಾಲದ ಜೊತೆ. ಆದಾಯ ತೆರಿಗೆ ಬಿಟ್ಟುಕೊಟ್ಟರೆ, ಜನರ ಸಂಬಳ ಏರಿದಂತೆಲ್ಲ ಬಿಟ್ಟುಕೊಟ್ಟ ಮೊತ್ತವೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಸಿಗರೇಟಿನ ಸುಂಕ ‘ಸಾವಿರಕ್ಕೆ ಇಷ್ಟು ರೂಪಾಯಿ’ ಎಂದು ನಿಂತಲ್ಲೇ ನಿಂತಿರುತ್ತದೆ. ಹಣದುಬ್ಬರ ಅದನ್ನು ಒಳಗಿಂದೊಳಗೆ ತಿನ್ನುತ್ತದೆ. 2017ರಿಂದ 2025ರವರೆಗೆ ಆದದ್ದು ಇದೇ. ವಿಪತ್ತು ಪರಿಹಾರದ ಹೆಸರಿನಲ್ಲಿ ಕೇಂದ್ರ ಹಾಕುವ ಪ್ರತ್ಯೇಕ ಸುಂಕವನ್ನು ನಡುವೆ ಸ್ವಲ್ಪ ಏರಿಸಿದ್ದು ಬಿಟ್ಟರೆ ಮುಖ್ಯ ದರಗಳು ಅಲ್ಲಾಡಲಿಲ್ಲ, ಸಂಬಳಗಳು ಏರಿದವು, ಸಿಗರೇಟು ಸದ್ದಿಲ್ಲದೆ ಕೈಗೆಟಕುವಂತಾಯಿತು. ಒಂದು ಬದಿ ಬೆಳೆಯುತ್ತದೆ, ಇನ್ನೊಂದು ಬದಿ ಸವೆಯುತ್ತದೆ. ಇವೆರಡನ್ನು ಒಂದಕ್ಕೊಂದು ಸಾಟಿ ಎಂದು ಬರೆದಿಟ್ಟರೆ ಐದನೇ ವರ್ಷ ಖಾತೆ ಖಂಡಿತ ಕೂಡುವುದಿಲ್ಲ.

ಅತಿ ಏರಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಇದೆ. ಅಲ್ಲಿ 2019-20ರಲ್ಲಿ ತಂಬಾಕು ಸುಂಕ ಸುಮಾರು 1,600 ಕೋಟಿ ಆಸ್ಟ್ರೇಲಿಯನ್ ಡಾಲರ್ ತಂದಿತು. ದರ ಏರುತ್ತಲೇ ಹೋಯಿತು, ಕಳ್ಳಮಾಲು ತುಂಬಿತು, ಐದಾರು ವರ್ಷದಲ್ಲಿ ವರಮಾನ ಅರ್ಧದ ಆಸುಪಾಸಿಗೆ ಕುಸಿಯಿತು. ನಾವು ಆ ಎತ್ತರದಿಂದ ಬಹಳ ದೂರ ಇದ್ದೇವೆ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಗಲ್ಫ್‌ನಿಂದ ಬಂದ ಪ್ರಯಾಣಿಕರ ಸಾಮಾನಿನಲ್ಲಿ ವಿದೇಶಿ ಸಿಗರೇಟು ಸಿಕ್ಕಿತೆಂಬ ಸುದ್ದಿ ಆಗಾಗ ಬರುತ್ತದೆ ನಿಜ, ಆದರೆ ಅದು ತೆರಿಗೆ ಏರಿಸದಿರಲು ಕಾರಣವಲ್ಲ, ಕಸ್ಟಮ್ಸ್ ಕಣ್ಣು ತೆರೆದಿರಲು ಕಾರಣ.

ಕೊಟ್ಟವರು ಯಾರು, ಪಡೆದವರು ಯಾರು?

ಮಣಿಪಾಲದಲ್ಲಿ ವರ್ಷಕ್ಕೆ 12.75 ಲಕ್ಷ ಸಂಬಳದ ಒಬ್ಬ ಉದ್ಯೋಗಿಯನ್ನು ಊಹಿಸಿಕೊಳ್ಳಿ. ಹೊಸ ಪದ್ಧತಿಯಲ್ಲೇ ಅವರಿಗೆ ಹಿಂದಿನ ವರ್ಷಕ್ಕಿಂತ 80 ಸಾವಿರ ರೂಪಾಯಿ ಆದಾಯ ತೆರಿಗೆ ಉಳಿಯಿತು. ಅವರು ದಿನಕ್ಕೆ ಹತ್ತು ಉದ್ದ ಸಿಗರೇಟು ಸೇದಿದರೆ ಹೊಸ ಸುಂಕದ ಬಾಬಿನಲ್ಲಿ ವರ್ಷಕ್ಕೆ ಸುಮಾರು 14 ಸಾವಿರ ಹೆಚ್ಚು ಕೊಡುತ್ತಾರೆ. ಕೈಯಲ್ಲಿ ಇನ್ನೂ 66 ಸಾವಿರ ಉಳಿಯಿತು.

ಈಗ ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಒಬ್ಬ ಕಾರ್ಮಿಕ. ಆದಾಯ ತೆರಿಗೆ ಅವನು ಎಂದೂ ಕಟ್ಟಿದವನಲ್ಲ, ಹಾಗಾಗಿ ಅಲ್ಲಿ ಉಳಿದದ್ದು ಸೊನ್ನೆ. ದಿನಕ್ಕೆ ಐದು ಗಿಡ್ಡ ಸಿಗರೇಟಿಗೆ ವರ್ಷಕ್ಕೆ ಸುಮಾರು 1,570 ರೂಪಾಯಿ ಹೆಚ್ಚಾಯಿತು. ಸಾಬೂನು, ಪೇಸ್ಟ್, ತಲೆಗೆಣ್ಣೆಯಲ್ಲಿ ನೂರು ರೂಪಾಯಿಯ ಸರಕಿಗೆ 13 ರೂಪಾಯಿ ತೆರಿಗೆ ಇಳಿದಿದೆ. ಸಿಗರೇಟಿಗೆ ಹೋದದ್ದನ್ನು ಅದರಲ್ಲಿ ಮರಳಿ ಪಡೆಯಲು ಅವನ ಮನೆಯವರು ವರ್ಷಕ್ಕೆ 12 ಸಾವಿರ ರೂಪಾಯಿಯ ಅಂಥ ಸಾಮಾನು ಕೊಳ್ಳಬೇಕು. ತಿಂಗಳಿಗೆ ಸಾವಿರ. ಮಕ್ಕಳಿರುವ ಮನೆಗೆ ಇದು ಅಸಾಧ್ಯವಲ್ಲ, ಸುಲಭವೂ ಅಲ್ಲ. ಇಳಿಕೆಯನ್ನು ಅಂಗಡಿಯವನು ಪೂರ್ತಿ ಬಿಟ್ಟುಕೊಟ್ಟಿದ್ದಾನೆ ಎಂದು ನಂಬಿದರೆ ಮಾತ್ರ.

ಇದನ್ನು ಹಿಡಿದು ‘ತಂಬಾಕು ತೆರಿಗೆ ಬಡವರ ವಿರೋಧಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಲೆ ಏರಿದಾಗ ಮೊದಲು ಕಡಿಮೆ ಮಾಡುವವರು ಬಡವರು ಮತ್ತು ಎಳೆಯರು. ಅಂದರೆ ಆರೋಗ್ಯದ ಲಾಭವೂ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ. ತಂಬಾಕಿನಿಂದ ಬರುವ ರೋಗಗಳಿಗೆ ಮತ್ತು ಅಕಾಲ ಮರಣಕ್ಕೆ ದೇಶ ತೆತ್ತ ಬೆಲೆಯನ್ನು 2017-18ಕ್ಕೆ 1.77 ಲಕ್ಷ ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದ್ದಾರೆ. ತಂಬಾಕು ತರುವ ತೆರಿಗೆಯ ಎರಡು ಪಟ್ಟಿಗೂ ಹೆಚ್ಚು. ಕ್ಯಾನ್ಸರ್ ಬಂದ ಮೇಲೆ ಮಂಗಳೂರಿನ ಆಸ್ಪತ್ರೆಗಳಿಗೆ ಅಲೆಯುವ ಖರ್ಚನ್ನು ಹೊತ್ತವರಿಗೆ 86 ಪೈಸೆಯ ವಿಚಾರ ದೊಡ್ಡದಾಗಿ ಕಾಣಲಾರದು. ಆದರೆ ಈ ವಾದ ನಿಲ್ಲಬೇಕಾದರೆ ಒಂದು ಷರತ್ತಿದೆ. ಮಲ್ಪೆಯ ಆ ಕಾರ್ಮಿಕ ಸಿಗರೇಟು ಬಿಟ್ಟಾಗ ನಿಜವಾಗಿ ಹೊಗೆಯನ್ನೇ ಬಿಡಬೇಕು. ಅವನು ಬೀಡಿಗೆ ಕೈ ಹಾಕಿದರೆ?

ಬೀಡಿ

ಇಲ್ಲಿಗೆ ಬಂದಾಗ ಸರ್ಕಾರದ ಕೈ ಅಳುಕಿದೆ. ಸಿಗರೇಟಿಗೆ ಶೇ 40 ಎಂದ ಅದೇ ಅಧಿಸೂಚನೆ ಬೀಡಿಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿತು. ಬೀಡಿ ಸುತ್ತುವ ತೆಂಡು ಎಲೆಯ ತೆರಿಗೆ ಸೆಪ್ಟೆಂಬರ್‌ನಲ್ಲೇ ಶೇ 18ರಿಂದ ಶೇ 5ಕ್ಕೆ ಇಳಿದಿತ್ತು. ಬೀಡಿಗೆ ಪರಿಹಾರ ಸೆಸ್ ಮೊದಲಿನಿಂದಲೂ ಇರಲಿಲ್ಲ. ನೂರು ರೂಪಾಯಿಯ ಬೀಡಿ ತೆರಿಗೆ ಸೇರಿ 128 ಆಗುತ್ತಿದ್ದದ್ದು ಈಗ 118. ಬೆಲೆಯಲ್ಲಿ ಜಿಎಸ್‌ಟಿಯ ಪಾಲು ಶೇ 22ರ ಹತ್ತಿರ ಇದ್ದದ್ದು ಶೇ 15ಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಶೇ 75ರ ಕಡೆಗೆ ಹೋಗಬೇಕಾದ ದಾರಿಯಲ್ಲಿ ಇದು ತಿರುಗು ಪಯಣ. 2016-17ರ ಅದೇ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರು ಶೇ 4 ಇದ್ದರೆ ಬೀಡಿ ಸೇದುವವರು ಶೇ 7.7. ಬೀಡಿಯ ಹೊಗೆ ಸಿಗರೇಟಿನದ್ದಕ್ಕಿಂತ ಸೌಮ್ಯವೆಂಬ ನಂಬಿಕೆಗೆ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ.

ಕಾರಣ ಏನೆಂದು ನಮ್ಮ ಜಿಲ್ಲೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಉಳ್ಳಾಲ, ಕಾರ್ಕಳದ ಕಡೆ ಮಧ್ಯಾಹ್ನ ಯಾವುದಾದರೂ ಜಗಲಿಯತ್ತ ನೋಡಿ. ಮಡಿಲಲ್ಲಿ ಗೆರಸೆ, ಅದರಲ್ಲಿ ಒಂದು ಬದಿಗೆ ಹೊಗೆಸೊಪ್ಪಿನ ಪುಡಿ, ಇನ್ನೊಂದು ಬದಿಗೆ ಕತ್ತರಿಸಿಟ್ಟ ಎಲೆ. ಎಲೆಯನ್ನು ಹಿಂದಿನ ದಿನವೇ ನೀರಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಮೆತ್ತಗಾಗಿಸಿರುತ್ತಾರೆ. ಒಣ ಎಲೆ ಸುತ್ತುವಾಗ ಸೀಳುತ್ತದೆ. ತಗಡಿನ ಅಳತೆಯಿಟ್ಟು ಕತ್ತರಿಯಿಂದ ಕತ್ತರಿಸಿದ ತುಂಡಿನ ಮೇಲೆ ಚಿಟಿಕೆ ಪುಡಿ ಉದುರಿಸಿ, ಬೆರಳುಗಳ ನಡುವೆ ಉರುಳಿಸಿ, ನೂಲು ಸುತ್ತಿ, ತುದಿ ಮಡಚಿ ಒಳಕ್ಕೆ ಒತ್ತುತ್ತಾರೆ. ಕಣ್ಣು ಟಿವಿಯ ಮೇಲಿರುತ್ತದೆ, ಕೈ ತಪ್ಪುವುದಿಲ್ಲ. ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಒಯ್ದರೆ ಅಲ್ಲಿ ಎಣಿಸಿ, ಕೆಟ್ಟದ್ದನ್ನು ಬದಿಗೆ ಎಸೆದು, ಉಳಿದದ್ದಕ್ಕೆ ಸಾವಿರದ ಲೆಕ್ಕದಲ್ಲಿ ಮಜೂರಿ ಬರೆಯುತ್ತಾರೆ. ಮುಂದಿನ ಬಾರಿಗೆ ಎಲೆ, ಸೊಪ್ಪು ತೂಗಿ ಕೊಡುತ್ತಾರೆ. ಮಗಳ ಕಾಲೇಜು ಶುಲ್ಕ, ಮಾಡಿನ ಹಂಚು, ಸಂಘದ ಸಾಲದ ಕಂತು ಎಷ್ಟೋ ಮನೆಗಳಲ್ಲಿ ಈ ಗೆರಸೆಯಿಂದಲೇ ಹುಟ್ಟಿದ್ದು. ದೇಶದಲ್ಲಿ ಹೀಗೆ ದುಡಿಯುವವರು ಸುಮಾರು 50 ಲಕ್ಷ, ಬಹುಪಾಲು ಹೆಂಗಸರು. ಈ ಸಂಖ್ಯೆಯ ಮುಂದೆ ಯಾವ ಜಿಎಸ್‌ಟಿ ಮಂಡಳಿಯೂ ಎದೆಗಟ್ಟಿ ಮಾಡುವುದಿಲ್ಲ.

ಆದರೆ ತೆರಿಗೆ ಇಳಿಸಿದ್ದರಿಂದ ಆ ಜಗಲಿಗೆ ಏನು ತಲುಪಿತು? ಮಜೂರಿ ನಿಗದಿಯಾಗುವುದು ಕನಿಷ್ಠ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ. ಜಿಎಸ್‌ಟಿ ಹತ್ತು ಶೇಕಡಾ ಇಳಿದರೆ ಸಾವಿರಕ್ಕೆ ಇಷ್ಟು ಎಂಬ ಮಜೂರಿ ತಾನಾಗಿ ಒಂದು ರೂಪಾಯಿಯೂ ಏರುವುದಿಲ್ಲ. ಇಳಿಕೆಯ ಲಾಭ ಹೋಗುವುದು ಸೇದುವವನಿಗೆ ಅಥವಾ ಮಾರುವವನಿಗೆ. ಹೆಚ್ಚು ಬೀಡಿ ಮಾರಾಟವಾಗಿ ಹೆಚ್ಚು ಕೆಲಸ ಬರಬಹುದು ಎಂಬುದು ವಾದ. ಅದು ಸರಿಯಾದರೆ ಅದರ ಇನ್ನೊಂದು ಮುಖವೂ ಸರಿ: ಹೆಚ್ಚು ಜನ ಹೆಚ್ಚು ಬೀಡಿ ಸೇದಬೇಕು. ಆರೋಗ್ಯಕ್ಕಾಗಿ ಸಿಗರೇಟಿನ ತೆರಿಗೆ ಏರಿಸುವಾಗ ಬೀಡಿಯನ್ನು ಅಗ್ಗ ಮಾಡಿದರೆ, ಉದ್ದದಿಂದ ಗಿಡ್ಡಕ್ಕೆ ಇಳಿದವನಿಗೆ ಮತ್ತೊಂದು ಮೆಟ್ಟಿಲು ಕಟ್ಟಿಕೊಟ್ಟಂತೆ. ಆ ಮೆಟ್ಟಿಲಿನ ಕೆಳಗೆ ನಿಂತಿರುವವರು ಹೆಚ್ಚಾಗಿ ಬಡವರೇ.

ಬೀಡಿ ಕಟ್ಟುವವರನ್ನು ಕಾಪಾಡಲು ತೆರಿಗೆ ಇಳಿಸುವುದೊಂದೇ ದಾರಿಯಲ್ಲ ಎಂಬುದಕ್ಕೆ ನಮ್ಮ ಕಾನೂನಿನಲ್ಲೇ ಹಳೆಯ ಉದಾಹರಣೆ ಇದೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆಯಡಿ ಬೀಡಿಯ ಮೇಲೆ ಸಣ್ಣದೊಂದು ಸೆಸ್ ಹಾಕಿ, ಆ ಹಣವನ್ನು ಕಾರ್ಮಿಕರ ಆಸ್ಪತ್ರೆ, ಮನೆ ಮತ್ತು ಮಕ್ಕಳ ವಿದ್ಯಾರ್ಥಿವೇತನಕ್ಕೆ ಬಳಸುತ್ತಿದ್ದರು. ಕರಾವಳಿಯ ಎಷ್ಟೋ ಮಕ್ಕಳ ಶಾಲಾ ಪುಸ್ತಕಕ್ಕೆ ಆ ಹಣ ಒದಗಿದೆ. 2017ರಲ್ಲಿ ಜಿಎಸ್‌ಟಿಗೆ ದಾರಿ ಮಾಡಲು ಆ ಸೆಸ್ಸನ್ನು ರದ್ದು ಮಾಡಿದರು. ಯೋಜನೆಗಳು ಹೆಸರಿಗೆ ಉಳಿದವು, ಹಣ ಮಾತ್ರ ಸಾಮಾನ್ಯ ಬಜೆಟ್‌ನ ಕೃಪೆಯಿಂದ ಬರಬೇಕಾಯಿತು.

ಬೀಡಿಯನ್ನು ಶೇ 28ರಲ್ಲೇ ಬಿಟ್ಟು, ಆ ಹತ್ತು ಶೇಕಡಾ ಅಂತರದಿಂದ ಬರುವ ಹಣವನ್ನು ಬೀಡಿ ಕಟ್ಟುವವರ ಹೆಸರಿಗೆ ಮೀಸಲಿಟ್ಟಿದ್ದರೆ, ಅವರ ಭವಿಷ್ಯನಿಧಿಗೆ, ಗೇರುಬೀಜದ ಕಾರ್ಖಾನೆಗೋ ಹೊಲಿಗೆಗೋ ಬದಲಾಯಿಸಿಕೊಳ್ಳಲು ಬೇಕಾದ ತರಬೇತಿಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಹಣ ಹುಟ್ಟುತ್ತಿತ್ತು. ಗ್ರಾಹಕನಿಗೆ ಬೀಡಿ ಅಗ್ಗವೂ ಆಗುತ್ತಿರಲಿಲ್ಲ. ಸಂಸತ್ತಿನಲ್ಲಿ ನಮ್ಮ ಎರಡು ಜಿಲ್ಲೆಗಳನ್ನು ಪ್ರತಿನಿಧಿಸುವವರು ಮುಂದಿನ ಬಜೆಟ್‌ಗೆ ಮುಂಚೆ ಕೇಳಬಹುದಾದ ಪ್ರಶ್ನೆಗಳು ಎರಡು: ಸಿಗರೇಟಿನ ‘ಸಾವಿರಕ್ಕೆ ಇಷ್ಟು’ ದರವನ್ನು ಪ್ರತಿ ವರ್ಷ ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತೀರಾ, ಅಥವಾ ಇನ್ನೊಂದು ಎಂಟು ವರ್ಷ ಮಲಗಿಸುತ್ತೀರಾ? ಬೀಡಿಗೆ ಬಿಟ್ಟುಕೊಟ್ಟ ಹತ್ತು ಶೇಕಡಾದಲ್ಲಿ ಬ್ರಾಂಚಿನ ಮುಂದೆ ಸಾಲು ನಿಂತವರಿಗೆ ಎಷ್ಟು ಪಾಲು?